ಡೀಕನ್ ಬೆಟ್ಟದ ನೆತ್ತಿ

ಡೀಕನ್ ಬೆಟ್ಟದ ತುದಿ ಜಾಗ ಬದಲಿಸಿದೆ ಎಂಬ ಸುದ್ದಿಯನ್ನು ಮೆಮೆಗೆ ಹೇಳಿದವಳು ನಾನೇ. ಹೇಳಬಾರದಿತ್ತು. ಹೇಳಿದರೂ ಅವಳು ಬಿಸಿ ಕಾಫಿಯನ್ನು ಬಾಯಿಗಿಟ್ಟ ಗಳಿಗೆಯಲ್ಲಿ ಹೇಳಬಾರದಿತ್ತು.

ಮೆಮೆ ಎಂದರೆ ನನ್ನ ಅಜ್ಜಿ ಓಡಿಲ್. ಎಪ್ಪತ್ತಾರು ವರ್ಷ. ನ್ಯೂ ಹ್ಯಾಂಪ್‌ಶೈರಿನ ಈ ಕಾಗದದ ಗಿರಣಿಯ ಊರಿನಲ್ಲಿ, ಒಂದು ಕಾಲಕ್ಕೆ ಕ್ವಿಬೆಕ್ಕಿನಿಂದ ಮರ ಕಡಿಯಲು ಬಂದವರ ಮನೆಗಳಲ್ಲೆಲ್ಲ ಅಜ್ಜಿ ಮೆಮೆ, ಅಜ್ಜ ಪೆಪೆ. ನಾನು ಬೆಳೆದದ್ದು ಅವಳ ಕತೆಗಳನ್ನು ತಿಂದು. ಹೊಸ ವರ್ಷದ ಹಿಂದಿನ ದಿನ ಹೆಂಡತಿಯರ ನೆನಪಾಗಿ ಸೈತಾನನ ಜೊತೆ ಕರಾರು ಮಾಡಿಕೊಂಡು, ದೋಣಿಯಲ್ಲಿ ಕೂತು ಕಾಡಿನ ಮೇಲೆ ಹಾರಿಹೋದ ಮರಕಡುಕರ ಕತೆ. ಸತ್ತ ಮರಕಡುಕರೇ ಬೂದು ಹಕ್ಕಿಗಳಾಗಿ ಬಂದು ಬುತ್ತಿಯಲ್ಲಿ ಪಾಲು ಕೇಳುತ್ತಾರೆ ಎಂಬ ಕತೆ. ಇವೆಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ನಲವತ್ತೆಂಟರ ಕತೆ.

ನಮ್ಮ ರಾಷ್ಟ್ರೀಯ ಅರಣ್ಯದಲ್ಲೂ ಅದರ ಅಂಚಿನಲ್ಲೂ ನಾಲ್ಕು ಸಾವಿರ ಅಡಿ ದಾಟಿದ ಬೆಟ್ಟಗಳು ನಲವತ್ತೆಂಟು. ಎಲ್ಲವನ್ನೂ ಹತ್ತಿ ಮುಗಿಸಿದವರ ಹೆಸರು ಬೆಟ್ಟದ ಸಂಘದ ಪುಸ್ತಕದಲ್ಲಿ ಸೇರುತ್ತದೆ. ಮೆಮೆ ಇಪ್ಪತ್ತೆಂಟರ ಹುಡುಗಿಯಾಗಿದ್ದಾಗ ಪೆಪೆ ಮದುವೆಯ ಮಾತು ಎತ್ತಿದನಂತೆ. "ಇನ್ನೂ ಹದಿನೇಳು ಬಾಕಿ ಇದೆ, ಆಮೇಲೆ ಕೇಳು" ಎಂದಳಂತೆ ಇವಳು. ಮತ್ತೆ ಕೇಳಿದ. ಒಂಬತ್ತು ಬಾಕಿ. ಮೂರನೆಯ ಸಲ ಕೇಳುವ ಬದಲು, ಪೇಟೆಯ ಜೋಡು ಹಾಕಿಕೊಂಡೇ ಅವಳ ಹಿಂದೆ ಡೀಕನ್ ಬೆಟ್ಟ ಹತ್ತಿಬಿಟ್ಟ. ಅದು ಕೊನೆಯದು, ನಲವತ್ತೆಂಟನೆಯದು. ತುದಿಯ ಚಪ್ಪಟೆ ಬಂಡೆಯ ಮೇಲೆ, ಜೋಡಿನೊಳಗಿನ ನೀರು ಸುರಿಯುತ್ತ ಕೂತಿದ್ದವನಿಗೆ ಇವಳು ಹೂಂ ಎಂದಳು. ಅಲ್ಲಿಗೆ ಕತೆ ಮುಗಿಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಆ ಬಂಡೆಯ ಮೇಲೆ ಎಷ್ಟೋ ಸಲ ಕೂತಿದ್ದೇನೆ.

ಈಗ ನಾನು ಅದೇ ಸಂಘಕ್ಕೆ ಬಿಡುವಿನಲ್ಲಿ ಕೆಲಸ ಮಾಡಿಕೊಡುತ್ತೇನೆ. ಜನ ಬರೆದು ಕಳಿಸುವ ಪಟ್ಟಿಗಳನ್ನು ಓದಿ, ತಾರೀಕು ನೋಡಿ, ಹೆಸರು ಬರೆಯುವುದು. ಸೆಪ್ಟೆಂಬರ್ ಮೊದಲ ವಾರ ಎಲ್ಲರಿಗೂ ಒಂದು ಕಾಗದ ಬಂತು. ವಿಮಾನದಿಂದ ಬೆಳಕಿನ ಕಿರಣ ಬಿಟ್ಟು ಬೆಟ್ಟಗಳನ್ನು ಹೊಸದಾಗಿ ಅಳೆದಿದ್ದಾರೆ. ಡೀಕನ್ ಬೆಟ್ಟದ ನಿಜವಾದ ನೆತ್ತಿ ನಾವೆಲ್ಲ ತಿಳಿದಿದ್ದ ಜಾಗದಲ್ಲಿಲ್ಲ. ಅದನ್ನೇ ನಾನು ತಿಂಡಿಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದ್ದು.

ಮೆಮೆ ಲೋಟ ಕೆಳಗಿಟ್ಟಳು. "ಎಷ್ಟು ದೂರ?"

"ನಾನೂರು ಹೆಜ್ಜೆ. ಉತ್ತರಕ್ಕೆ."

"ಎತ್ತರ?"

"ಹಳೇದಕ್ಕಿಂತ ಹನ್ನೆರಡು ಅಡಿ ಜಾಸ್ತಿಯಂತೆ."

ಪೆಪೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವನು ತಲೆ ಎತ್ತಿದ. "ಹಾಗಾದ್ರೆ ನಮ್ಮ ಮದುವೆ ಲೆಕ್ಕಕ್ಕಿಲ್ಲ ಅಂತಾಯ್ತು. ಓಡಿಲ್, ನಾನಿನ್ನು ಹೊರಡ್ಲಾ?"

"ತಟ್ಟೆ ತೊಳೆದಿಟ್ಟು ಹೊರಡು" ಎಂದಳು ಮೆಮೆ. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ.

"ಮೊದಲೇ ಮುಗಿಸಿದವರದ್ದು ಮುಗಿದ ಹಾಗೇ ಅಂತ ಬರೆದಿದಾರೆ ಮೆಮೆ. ನಿನ್ನ ಹೆಸರಿಗೆ ಏನೂ ಆಗಲ್ಲ."

ಅವಳು ಎದ್ದು ಫೋನಿನ ಹತ್ತಿರ ಹೋದಳು. ಸಂಘದ ಕಚೇರಿಯಲ್ಲಿ ಯಾರೋ ಎತ್ತಿಕೊಂಡರು. ತನ್ನ ಹೆಸರು ತೆಗೆಯಿರಿ ಎಂದಳು. ಆ ಕಡೆಯವರು ನಿಯಮ ವಿವರಿಸಿದರು ಅಂತ ಕಾಣುತ್ತದೆ. ಮೆಮೆ ತಾಳ್ಮೆಯಿಂದ ಕೇಳಿ, "ಅದು ನಿಮ್ಮ ನಿಯಮ ಕಣಪ್ಪ. ಬೆಟ್ಟಕ್ಕೆ ಅದು ಗೊತ್ತಿಲ್ಲ" ಎಂದು ಫೋನ್ ಇಟ್ಟಳು. ಆಮೇಲೆ ಕಿಟಕಿಯ ಹತ್ತಿರ ನಿಂತು, "ನಲವತ್ತೇಳು" ಎಂದಳು. ಅವತ್ತಿಡೀ ಬೇರೆ ಮಾತಾಡಲಿಲ್ಲ.

ನನಗೆ ಊಟ ಸೇರಲಿಲ್ಲ. ಅಕ್ಟೋಬರ್ ಮೂರಕ್ಕೆ ಅವಳ ಬಲ ಮಂಡಿಯ ಆಪರೇಷನ್ ನಿಗದಿಯಾಗಿತ್ತು. ಅದಾದ ಮೇಲೆ ಮನೆಯ ಸುತ್ತ ನಡೆಯಬಹುದು, ಕೆರೆಯ ದಂಡೆಗೆ ಹೋಗಬಹುದು, ಡೀಕನ್ ಬೆಟ್ಟದಂಥದ್ದನ್ನು ಮಾತ್ರ ಮರೆತುಬಿಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ನಿಗೆ ಮುಂಚೆ ಹೋಗಬಹುದೇ ಎಂದು ನಾನೇ ಕೇಳಿದೆ. "ಆ ಮಂಡಿ ಹೇಗೂ ಬಿಸಾಡೋದೇ. ಆದ್ರೆ ನೋವಿಗೆ ನಾನು ಹೊಣೆಯಲ್ಲ" ಎಂದರು. ಇರುವುದು ನಾಲ್ಕು ವಾರ. ಕಾಫಿಯ ಹೊತ್ತಿನಲ್ಲಿ ನಾನು ಕಿತ್ತುಕೊಂಡ ಒಂದು ಬೆಟ್ಟವನ್ನು ನಾಲ್ಕು ವಾರದೊಳಗೆ ನಾನೇ ತಂದುಕೊಡಬೇಕು.

"ಮೆಮೆ, ಹೋಗೋಣ" ಎಂದೆ.

"ನಾನು ಆಗಲೇ ಬೂಟಿಗೆ ಮೇಣ ಹಚ್ಚಿದೀನಿ" ಎಂದಳು.

ಇಪ್ಪತ್ತೊಂದನೆಯ ತಾರೀಕು, ಬೆಳಕು ಹರಿಯುವ ಹೊತ್ತಿಗೆ ಪೆಪೆ ನಮ್ಮನ್ನು ಕಾಡಿನ ಬಾಯಿಗೆ ತಂದು ಬಿಟ್ಟ. ಅವನ ಕೈಯಲ್ಲಿ ಮೀನಿನ ಗಾಳ, ಕಂಕುಳಲ್ಲಿ ಮಡಚುವ ಕುರ್ಚಿ.

"ನೀನೂ ಬಾರೋ, ಈ ಸಲ ಸರಿಯಾದ ಜೋಡು ಇದೆಯಲ್ಲ" ಎಂದಳು ಮೆಮೆ.

"ಒಂದ್ಸಲ ಹತ್ತಿದ್ದೆ. ಅದರ ಫಲ ಇನ್ನೂ ಉಣ್ತಾ ಇದೀನಿ" ಎಂದು ಪೆಪೆ ಹೊಳೆಯ ಕಡೆ ನಡೆದ. ಹೋದವನು ತಿರುಗಿ ನನಗೆ ಮಾತ್ರ ಕೇಳುವ ಹಾಗೆ, "ಆಗ್ಲಿಲ್ಲ ಅಂದ್ರೆ ಎಳಕೊಂಡು ಬಾ ಮಗಳೇ. ಬಯ್ತಾಳೆ, ಬಯ್ಸಿಕೋ" ಎಂದ.

ಹೋಗಿ ಬರಲು ಹನ್ನೊಂದು ಮೈಲಿ. ಮೊದಲ ಮೂರು ಸುಲಭ. ಹಿಂದೆ ದಿಮ್ಮಿ ಸಾಗಿಸುತ್ತಿದ್ದ ರೈಲು ಹಳಿಯ ಜಾಡು ಅದು. ಹಳಿ ಕಿತ್ತು ನೂರು ವರ್ಷವಾಯಿತು. ಕೊಳೆತ ಮರದ ಪಟ್ಟಿಗಳು ಇನ್ನೂ ಪಾಚಿಯ ಕೆಳಗೆ ಮಲಗಿವೆ, ಹೆಜ್ಜೆ ಇಟ್ಟರೆ ಮೆತ್ತಗೆ ತಗ್ಗುತ್ತವೆ. ಮೇಪಲ್ ಎಲೆಗಳು ಆಗಷ್ಟೇ ತುದಿಯಿಂದ ಕೆಂಪಾಗಲು ಶುರುವಾಗಿದ್ದವು. ಮಂಜು ಹೊಳೆಯ ಮೇಲಿಂದ ಎದ್ದು ಹೋಗಲು ಮನಸ್ಸಿಲ್ಲದೆ ಅಲ್ಲೇ ಸುಳಿದಾಡುತ್ತಿತ್ತು. ಆ ಮಂಜಿನೊಳಗಿಂದ ಈಗೊಂದು ದೋಣಿ ಮೇಲೆದ್ದರೆ, ಅದರಲ್ಲಿ ಗಡ್ಡದ ಮರಕಡುಕರು ಸಾಲಾಗಿ ಕೂತು ಹುಟ್ಟು ಹಾಕುತ್ತಿದ್ದರೆ, ನಾನು ಸ್ವಲ್ಪವೂ ಆಶ್ಚರ್ಯ ಪಡುತ್ತಿರಲಿಲ್ಲ.

"ಕೊಲೆಟ್, ಕಾಲ ಕೆಳಗೆ ನೋಡ್ಕೊಂಡು ನಡಿ" ಎಂದಳು ಮೆಮೆ ಹಿಂದಿನಿಂದ.

ಅದಾದ ಮೇಲೆ ಫಲಕವಿಲ್ಲ, ಮರಗಳ ಮೇಲೆ ಬಣ್ಣದ ಗುರುತಿಲ್ಲ. ಬೆಟ್ಟದ ಆ ಮಗ್ಗುಲನ್ನು ಕಾಡಿನ ಪಾಡಿಗೇ ಬಿಡಬೇಕೆಂದು ಕಾನೂನು. ಯಂತ್ರದ ಗರಗಸ ಕೂಡ ಒಳಗೆ ಬರುವಂತಿಲ್ಲ. ದಾರಿಗೆ ಅಡ್ಡ ಬಿದ್ದ ದೊಡ್ಡ ಸ್ಪ್ರೂಸ್ ಮರವೊಂದನ್ನು ಇಬ್ಬರು ಎಳೆಯುವ ಉದ್ದ ಗರಗಸದಿಂದ ಕೊಯ್ದು ಬದಿಗೆ ಉರುಳಿಸಿದ್ದರು. ಮೆಮೆ ನಿಂತು ಆ ಕೊಯ್ತದ ಮೇಲೆ ಅಂಗೈ ಆಡಿಸಿದಳು.

"ಒಳ್ಳೆ ಕೈ. ನೋಡು, ತರಚೇ ಇಲ್ಲ. ಯಾರೋ ಸಂಸಾರಸ್ಥರು ಕೊಯ್ದಿರ್ಬೇಕು."

"ಅದು ಹೇಗೆ ಗೊತ್ತಾಗತ್ತೆ?"

"ಎಳೀಬೇಕು, ತಳ್ಳಬಾರ್ದು. ಇನ್ನೊಬ್ರು ಎಳೆಯೋವಾಗ ಸುಮ್ಮನೆ ಬಿಟ್ಕೊಡ್ಬೇಕು. ಮದುವೆ ಆಗದವರಿಗೆ ಅದು ಬರಲ್ಲ."

ಹೊಳೆಯನ್ನು ಬೂಟು ಕೊರಳಿಗೆ ಕಟ್ಟಿಕೊಂಡು ದಾಟಿದೆವು. ನೀರಿನ ತಂಪು ಮೂಳೆಯವರೆಗೂ ಇಳಿಯಿತು. ಮೆಮೆ ನಡುಹೊಳೆಯಲ್ಲಿ ಬೇಕೆಂದೇ ನಿಂತಳು. ಮಂಡಿಗೆ ಹಿತವಾಗಿದೆಯಂತೆ. "ಈ ಹೊಳೇನ ಮನೆಗೆ ಹೊತ್ಕೊಂಡು ಹೋಗೋ ಹಾಗಿದ್ರೆ ಆಪರೇಷನ್ನೇ ಬೇಡ" ಎಂದಳು.

ಕುಸಿದ ಬಂಡೆಗಳ ಇಳಿಜಾರು ಎದುರಾದಾಗ ಹತ್ತು ಗಂಟೆ. ಒಂದು ಮೈಲಿಯಷ್ಟು ಬರೀ ಸಡಿಲ ಕಲ್ಲು, ಏಣಿಯಷ್ಟು ಕಡಿದು. ಇಲ್ಲೇ ಸೋಲಬಹುದು ಎಂದು ನಾನು ಹೆದರಿದ್ದೆ. ಮೆಮೆ ಎಡಗಾಲು ಮೇಲಿಟ್ಟು, ಬಲಗಾಲನ್ನು ಅದರ ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ಎಡಗಾಲು ಮೇಲಿಟ್ಟು, ಕೂಸು ಮೆಟ್ಟಿಲು ಹತ್ತುವ ಹಾಗೆ ಹತ್ತಿದಳು. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವಳು. ನಿಂತಾಗ ಏನಾದರೂ ತಿನ್ನುವಳು. ಜೋನಿಬೆಲ್ಲದ ಬಿಸ್ಕತ್ತು, ಮೇಪಲ್ ಸಕ್ಕರೆಯ ತುಣುಕು. ಒಂದು ಬಿಸ್ಕತ್ತು ಅವಳ ಕೈಯಿಂದ ಬಾಯಿಗೆ ಹೋಗುವ ದಾರಿಯಲ್ಲೇ ಮಾಯವಾಯಿತು. ಬೂದು ಹಕ್ಕಿಯೊಂದು ಅದನ್ನು ಕಚ್ಚಿಕೊಂಡು ಫರ್ ಕೊಂಬೆಯ ಮೇಲೆ ಕೂತು ನಮ್ಮನ್ನು ನೋಡುತ್ತಿತ್ತು.

"ಇವನು ಬಾಪ್ತಿಸ್ತ್ ಇರ್ಬೇಕು. ನಮ್ಮಪ್ಪನ ಜೊತೆ ಕೆಲ್ಸ ಮಾಡ್ತಿದ್ದ" ಎಂದಳು ಮೆಮೆ. "ಬದುಕಿದ್ದಾಗ್ಲೂ ಹೀಗೇ. ಕೇಳದೇ ಎತ್ಕೊಳ್ತಿದ್ದ."

ಇಳಿಜಾರಿನ ನಡುವೆ ಒಮ್ಮೆ ಅವಳ ಕಾಲಡಿಯ ಕಲ್ಲು ಜಾರಿತು. ಬೀಳಲಿಲ್ಲ, ಅಲ್ಲೇ ಕುಕ್ಕರಿಸಿದಳು. ಮುಖ ಬಿಳುಪೇರಿತ್ತು. ನಾನು ಪಕ್ಕದಲ್ಲಿ ಕೂತೆ. ಕೆಳಗೆ ಕಣಿವೆಯ ತುಂಬ ಮಂಜಿನ ಹಾಲು, ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ಒಂದಕ್ಕಿಂತ ಒಂದು ತಿಳಿ ನೀಲಿ.

"ಇಳಿಯೋಣ್ವಾ ಮೆಮೆ?"

"ನಿನ್ನ ಪೆಪೆ ಎಳ್ಕೊಂಡು ಬಾ ಅಂದನಲ್ಲ, ಅದಕ್ಕೆ ಕೇಳ್ತಿದೀಯಾ?"

"ನಿನಗೆ ಕೇಳಿಸ್ತಾ?"

"ನನಗೆ ಹೋಗಿರೋದು ಮಂಡಿ. ಕಿವಿ ಅಲ್ಲ." ಅವಳು ನನ್ನ ಭುಜ ಹಿಡಿದು ಎದ್ದಳು.

ಹನ್ನೆರಡೂವರೆಗೆ ಬೆಟ್ಟದ ಬೆನ್ನಿನ ಏಣು ಸಿಕ್ಕಿತು. ಮತ್ತರ್ಧ ಗಂಟೆಗೆ ಹಳೆಯ ತುದಿ. ಗಿಡ್ಡ ಫರ್ ಮರಗಳ ನಡುವೆ ಒಂದು ಬಯಲು, ಅದರ ನಡುವೆ ಚಪ್ಪಟೆ ಬಂಡೆ. ನಾನು ಕಣ್ಣು ಮುಚ್ಚಿ ಕೂರುತ್ತಿದ್ದ ಬಂಡೆಗಿಂತ ತುಂಬ ಚಿಕ್ಕದು. ಮೆಮೆ ಅದರ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಚೆನ್ನಾಗೇ ಇದೆ. ತಪ್ಪು ಜಾಗ, ಅಷ್ಟೆ." ಕೂರಲಿಲ್ಲ. ಉತ್ತರಕ್ಕೆ ತಿರುಗಿದಳು.

ಆ ನಾನೂರು ಹೆಜ್ಜೆಗೆ ಒಂದು ಗಂಟೆ ಹಿಡಿಯಿತು. ಫರ್ ಮರಗಳು ಕೂದಲಿನಷ್ಟು ಒತ್ತೊತ್ತಾಗಿ ಬೆಳೆದಿದ್ದವು. ಒಂದು ಕೊಂಬೆ ಸರಿಸಿದರೆ ಇನ್ನೊಂದು ಕೆನ್ನೆಗೆ ಬಾರಿಸುತ್ತಿತ್ತು. ಅಂಟಿನ ವಾಸನೆ ತಲೆಗೇರಿತು. ಮೆಮೆ ಬೆನ್ನು ಮುಂದೆ ಮಾಡಿ, ಹಿಮ್ಮುಖವಾಗಿ ನುಗ್ಗುತ್ತ, ಬಾಗಿಲಿಲ್ಲದ ಮನೆಗೆ ಹಿಂಬದಿಯಿಂದ ಹೋಗುವವಳ ಹಾಗೆ ನಡೆದಳು.

ಎದುರಿಗೆ ಮಾತು ಕೇಳಿಸಿತು. ಪೊದೆ ಸರಿದಾಗ ಕಂಡದ್ದು ನಾಲ್ಕು ಜೀವ. ಇಬ್ಬರು ಕಾಲೇಜು ಹುಡುಗಿಯರು, ನಲವತ್ತು ದಾಟಿದ ಒಬ್ಬ ಗಡ್ಡದವನು, ಕೊರಳಿಗೆ ಹಳದಿ ಪಟ್ಟಿ ಕಟ್ಟಿಸಿಕೊಂಡ ಒಂದು ಕಂದು ನಾಯಿ. ಗಡ್ಡದವನು ಪೂರ್ವದ ದಿಬ್ಬದ ಮೇಲೆ, ಹುಡುಗಿಯರು ಪಶ್ಚಿಮದ ದಿಬ್ಬದ ಮೇಲೆ. ನಡುವೆ ಹದಿನೈದು ಇಪ್ಪತ್ತು ಹೆಜ್ಜೆ. ಎರಡೂ ಕಡೆಯವರ ಕೈಯಲ್ಲಿ ನೆತ್ತಿಯ ಜಾಗ ತೋರಿಸುವ ಫೋನು.

"ನಂದು ಇಲ್ಲೇ ಅಂತ ತೋರಿಸ್ತಿದೆ" ಎನ್ನುತ್ತಿದ್ದ ಅವನು.

"ನಮ್ಮದು ಇಲ್ಲಿ ಅಂತಿದೆ" ಎಂದಳು ಉದ್ದನೆಯ ಹುಡುಗಿ. ಅವಳ ಹೆಸರು ಟೆಸ್ ಎಂದು ಆಮೇಲೆ ತಿಳಿಯಿತು. "ಐದು ನಿಮಿಷದ ಹಿಂದೆ ಆ ಗುಂಡಿಯೊಳಗೆ ಅಂತಿತ್ತು."

ಗಡ್ಡದವನು ನಮ್ಮನ್ನು ಕಂಡು ಟೋಪಿ ತೆಗೆದ. ವೆಂಡೆಲ್ ಅಂತೆ. ಬಂದದ್ದು ನಾಯಿಯ ಸಲುವಾಗಿ. ನಮ್ಮ ಸಂಘ ನಾಯಿಗಳಿಗೂ ಪ್ರಮಾಣಪತ್ರ ಕೊಡುತ್ತದೆ. "ಬಿಸ್ಕಿಟ್‌ಗೆ ಇವತ್ತು ನಲವತ್ತೆಂಟನೇದು ಅಮ್ಮ. ಕೇಕ್ ತಂದಿದೀನಿ. ತುದಿ ಯಾವುದು ಅಂತ ಗೊತ್ತಾದ್ರೆ ಕತ್ತರಿಸೋಣ ಅಂತ."

ಮೆಮೆ ನಾಯಿಯನ್ನು ನೋಡಿದಳು. "ನನಗೂ ನಲವತ್ತೆಂಟನೇದೇ. ನಿನ್ನ ವಯಸ್ಸೆಷ್ಟೋ?"

"ಅವನಿಗೆ ಆರು" ಎಂದ ವೆಂಡೆಲ್.

"ಚುರುಕಾಗಿದಾನೆ." ಅವಳು ಚೀಲ ಇಳಿಸಿದಳು. "ಆ ಫೋನ್ ಪೆಟ್ಟಿಗೆಗಳನ್ನ ಜೇಬಿಗೆ ಹಾಕಿ. ಯಾರ ಹತ್ರ ಒಳಗಿನ ನೀರು ಕಾಣೋ ಹಾಗಿರೋ ಬಾಟ್ಲಿ ಇದೆ? ನೀರು ಅರ್ಧ ಇರ್ಬೇಕು."

ಅವಳ ಅಪ್ಪ ಚಳಿಗಾಲದಲ್ಲಿ ದಿಮ್ಮಿಯ ಗಾಡಿಗಳು ಹಿಮದ ಮೇಲೆ ಜಾರುವ ದಾರಿಗಳನ್ನು ಮಟ್ಟ ಮಾಡುತ್ತಿದ್ದವನು. ಮಟ್ಟ ತಪ್ಪಿದರೆ ದಿಮ್ಮಿ ಕುದುರೆಯ ಮೇಲೇ ಬರುತ್ತದೆ. ಮೆಮೆ ತನ್ನ ಎರಡು ನಡೆಯುವ ಕೋಲುಗಳನ್ನು ಒಂದೇ ಉದ್ದಕ್ಕೆ ಎಳೆದಳು. ಒಂದರ ತಲೆಗೆ ತನ್ನ ಕೆಂಪು ಕರವಸ್ತ್ರ ಕಟ್ಟಿ ನನ್ನ ಕೈಗೆ ಕೊಟ್ಟು ವೆಂಡೆಲ್‌ನ ದಿಬ್ಬಕ್ಕೆ ಕಳಿಸಿದಳು. ತಾನು ಹುಡುಗಿಯರ ದಿಬ್ಬದ ಮೇಲೆ ನಿಂತು, ಇನ್ನೊಂದು ಕೋಲಿನ ತಲೆಯ ಮೇಲೆ ಬಾಟಲಿಯನ್ನು ಅಡ್ಡ ಮಲಗಿಸಿ, ನೀರು ಅಲುಗಾಡುವುದು ನಿಲ್ಲಲೆಂದು ಕಾದಳು. ಆಮೇಲೆ ಒಂದು ಕಣ್ಣು ಮುಚ್ಚಿ, ನೀರಿನ ಮೇಲ್ಮೈಯ ಉದ್ದಕ್ಕೆ ದೃಷ್ಟಿ ಹರಿಸಿದಳು.

ಗಾಳಿ ಫರ್ ಮರಗಳ ತುದಿಯಲ್ಲಿ ಸಮುದ್ರದ ಹಾಗೆ ಸದ್ದು ಮಾಡುತ್ತಿತ್ತು. ನಾವು ನಿಂತದ್ದು ಯಾವುದೋ ಮುಳುಗಿದ ಹಡಗಿನ ಅಟ್ಟದ ಮೇಲೆ ಎಂದು ನನಗೆ ಅನ್ನಿಸುತ್ತಿತ್ತು.

"ಕನಸು ಆಮೇಲೆ ಕಾಣು ಕೊಲೆಟ್. ಕೋಲು ನೆಟ್ಟಗೆ ಹಿಡಿ."

ನೆಟ್ಟಗೆ ಹಿಡಿದೆ.

"ಬಟ್ಟೆ ನೀರಿನ ಗೆರೆಗಿಂತ ಕೆಳಗಿದೆ. ನಿಮ್ಮ ದಿಬ್ಬ ಒಂದು ಗೇಣು ತಗ್ಗು" ಎಂದಳು ವೆಂಡೆಲ್‌ಗೆ. "ಅದಲು ಬದಲು ಮಾಡಿ ನೋಡೋಣ. ಒಂದೇ ಕಡೆಯಿಂದ ನೋಡಿದ್ದನ್ನ ನಮ್ಮಪ್ಪ ನಂಬ್ತಿರ್ಲಿಲ್ಲ."

ಅದಲು ಬದಲು ಮಾಡಿದರೂ ಅದೇ ಗೇಣು. ಹುಡುಗಿಯರು ಚಪ್ಪಾಳೆ ತಟ್ಟಿದರು. ವೆಂಡೆಲ್ ನಿಟ್ಟುಸಿರು ಬಿಟ್ಟು ನಾಯಿಯನ್ನೂ ಕೇಕನ್ನೂ ಎತ್ತಿಕೊಂಡು ಪಶ್ಚಿಮಕ್ಕೆ ಹೊರಟ.

"ತಡಿಯಪ್ಪ" ಎಂದಳು ಮೆಮೆ. ಅವಳು ಮತ್ತೆ ಹುಡುಗಿಯರ ದಿಬ್ಬ ಹತ್ತಿ, ಬಾಟಲಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುತ್ತಿದ್ದಳು. ಆ ಕಡೆ ಬಿದ್ದ ಮರಗಳ ಒಂದು ರಾಶಿ, ಬುಡಸಮೇತ ಕಿತ್ತ ಫರ್‌ಗಳು, ಅವುಗಳ ಹಿಂದೆ ಕತ್ತಲೆ. ಯಾರೂ ಅತ್ತ ಹೋಗಿರಲಿಲ್ಲ. "ಕೊಲೆಟ್, ಅದರೊಳಗೆ ನುಗ್ಗು. ನುಗ್ಗಿ ಎಲ್ಲಿ ಎತ್ತರ ಅನ್ನಿಸತ್ತೋ ಅಲ್ಲಿ ನಿಲ್ಲು."

ಹೊಟ್ಟೆಯ ಮೇಲೆ ತೆವಳಿದೆ. ಬೇರುಗಳ ಹಿಂದೆ ಪಾಚಿ ಹೊದ್ದ ಒಂದು ಕಲ್ಲು, ಹಾಲು ಕರೆಯುವವರು ಕೂರುವ ಮಣೆಯಷ್ಟು ಅಗಲ. ಅದರ ಮೇಲೆ ಕೆಂಪು ಬಟ್ಟೆಯ ಕೋಲು ನಿಲ್ಲಿಸಿದೆ. ಬಟ್ಟೆ ಆಚೆಗೆ ಕಾಣುವ ಹಾಗೆ ಒಂದು ಕೊಂಬೆ ಬಗ್ಗಿಸಿ ಹಿಡಿದೆ.

"ಮೆಮೆ?"

"ಮೇಲಿದೆ" ಎಂದಳು. "ಒಂದು ಗೇಣು ಮೇಲಿದೆ."

ಟೆಸ್ ಓಡಿಬಂದು ಬಾಟಲಿಯೊಳಗಿಂದ ನೋಡಿದಳು. ಅವಳ ಗೆಳತಿ ನೋಡಿದಳು. ವೆಂಡೆಲ್ ನೋಡಿದ, ನಾಯಿಯನ್ನೂ ಎತ್ತಿ ತೋರಿಸಿದ. ಎಲ್ಲರೂ ಸೇರಿ ಕೊಂಬೆ ಸರಿಸಿ, ತೆವಳಿ, ತಲೆತುಂಬ ಎಲೆಮುಳ್ಳು ಮಾಡಿಕೊಂಡು ಒಳಗೆ ಬಂದರು. ಮೆಮೆಯನ್ನು ಇಬ್ಬರು ಮುಂದಿನಿಂದ, ಒಬ್ಬ ಹಿಂದಿನಿಂದ ಹಿಡಿದು ದಾಟಿಸಿದರು. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಸುತ್ತ ಮರ, ಮೇಲೆ ಒಂದು ರೊಟ್ಟಿಯಗಲದ ಆಕಾಶ.

"ಕೂತ್ಕೊಳ್ಳಿ ಅಮ್ಮ, ನೀವೇ ಕಂಡುಹಿಡಿದಿದ್ದು" ಎಂದ ವೆಂಡೆಲ್.

"ಮೊದಲು ನಾಯಿ" ಎಂದಳು ಮೆಮೆ.

ಬಿಸ್ಕಿಟ್ ಕಲ್ಲಿನ ಮೇಲೆ ನಿಂತು, ಒಂದು ಸಾಸೇಜು ತಿಂದು, ಫೋಟೊ ತೆಗೆಸಿಕೊಂಡ. ಆಮೇಲೆ ಹುಡುಗಿಯರು. ಆಮೇಲೆ ವೆಂಡೆಲ್. ಆಮೇಲೆ ನನ್ನನ್ನು ಕೂರಿಸಿದಳು. ಪಾಚಿಯ ನೀರು ಚಡ್ಡಿಗೆ ತಣ್ಣಗೆ ಇಳಿಯಿತು. ನಾನು ಎದ್ದು ಜಾಗ ಬಿಟ್ಟೆ. ಮೆಮೆ ಚೀಲ ಬಿಚ್ಚಿದಳು. ಹಂದಿಮಾಂಸ ತುಂಬಿ ಬೇಯಿಸಿ ತಂದಿದ್ದ ಪೈಯನ್ನು ಎಲ್ಲರಿಗೂ ಹಂಚಿದಳು. ಕೇಕ್ ತಿಂದಳು. ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. ವೆಂಡೆಲ್‌ನ ಊರು ಕೇಳಿದಳು, ತಾಯಿಯ ಆರೋಗ್ಯ ಕೇಳಿದಳು, ತಾಯಿಯ ತಂಗಿಯದ್ದನ್ನೂ ಕೇಳಿದಳು.

"ಮೆಮೆ, ಮೂರು ಗಂಟೆ ಆಯ್ತು."

"ಕೂರ್ತೀನಿ. ಏನು ಅವಸರ."

ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ನೋವಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಬೆರಳಿಗೆ ಅಂಟಿದ್ದ ಮರದ ಅಂಟನ್ನು ಉಜ್ಜುತ್ತ, "ಕೂತ್ರೆ ಮುಗೀತಲ್ಲ" ಎಂದಳು.

"ನಲವತ್ತಾರು ವರ್ಷದ ಹಿಂದೆನೇ ಮುಗಿದಿತ್ತಲ್ಲ."

"ಮುಗಿದಿತ್ತು. ಮಾರನೇ ದಿನ ಬೆಳಿಗ್ಗೆ ಎದ್ದು ಅಡುಗೆಮನೇಲಿ ನಿಂತಿದ್ದೆ. ಇನ್ನು ಯಾವ ಬೆಟ್ಟ ಅಂತ ಗೊತ್ತಾಗ್ಲಿಲ್ಲ. ಅದನ್ನ ಯಾರಿಗೂ ಹೇಳಿಲ್ಲ. ಕತೇನ ಬಂಡೆ ಹತ್ರ ನಿಲ್ಲಿಸಿಬಿಡ್ತಿದ್ದೆ." ಅವಳು ನನ್ನ ಕಡೆ ನೋಡಿದಳು. ಕಣ್ಣಲ್ಲಿ ತುಂಟತನ. "ಆ ದಿನ ನೀನು ಕಾಗದ ಓದಿದ್ಯಲ್ಲ. ಒಂದು ಬಾಕಿ ಇದೆ ಅಂತ. ಅಯ್ಯೋ ಕೂಸೇ, ಎಷ್ಟು ಖುಷಿಯಾಯ್ತು ಅಂದ್ರೆ, ಬಾಯಿ ತೆಗೆದ್ರೆ ಎಲ್ಲಿ ನಗು ಬಂದುಬಿಡತ್ತೋ ಅಂತ ಇಡೀ ದಿನ ಮಾತಾಡ್ಲಿಲ್ಲ. ಅವತ್ತಿನಿಂದ ಇಪ್ಪತ್ತೊಂಬತ್ತರ ಹುಡುಗಿ ಥರ ಇದ್ದೆ."

ನಾನು ಇಷ್ಟು ದಿನ ಊಟ ಬಿಟ್ಟದ್ದು ನೆನಪಾಯಿತು. ಸಿಟ್ಟೂ ಬಂತು, ನಗುವೂ ಬಂತು. ನಗುವೇ ಗೆದ್ದಿತು. "ನೀನು ಮಹಾ ಕಳ್ಳಿ ಮೆಮೆ" ಎಂದೆ.

"ನಿಮ್ಮಪ್ಪನೂ ಹಾಗೇ ಅಂತಾನೆ."

ಅಷ್ಟರಲ್ಲಿ ಕೇಕು ಮುಗಿದು ಬೇಜಾರಾಗಿದ್ದ ಬಿಸ್ಕಿಟ್ ಕಲ್ಲಿನ ಮೇಲೆ ಹತ್ತಿ, ಎರಡು ಸುತ್ತು ಸುತ್ತಿ, ಮುದುಡಿ ಮಲಗಿದ. ಗಲ್ಲವನ್ನು ಪಾಚಿಯ ಮೇಲಿಟ್ಟು ಕಣ್ಣು ಮುಚ್ಚಿದ.

ಮೆಮೆಯ ಹುಬ್ಬು ಮೇಲೇರಿತು. "ಏ, ನಿನ್ನ ಸರದಿ ಆಯ್ತು. ಏಳೋ."

ನಾಯಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು.

"ನೋಡಿದ್ಯಾ ಇವನ ಸೊಕ್ಕು." ಅವಳು ಕೋಲು ಊರಿಕೊಂಡು ನಡೆದಳು. ನಾಯಿಯ ಹಿಂಭಾಗವನ್ನು ಸೊಂಟದಿಂದ ಒತ್ತಿ ಸರಿಸಿ, ಸಿಕ್ಕ ಅರ್ಧ ಜಾಗದಲ್ಲಿ ಕೂತಳು. ಇನ್ನೊಂದು ಸಲ ಒತ್ತಿದಳು. ಬಿಸ್ಕಿಟ್ ಗೊಣಗುತ್ತ ಕೆಳಗಿಳಿದು ಅವಳ ಬೂಟಿನ ಮೇಲೆ ತಲೆಯಿಟ್ಟ. ಮೆಮೆ ಪೂರ್ತಿ ಕಲ್ಲಿನ ಮೇಲೆ ಸರಿದು, ಲಂಗ ಸರಿಮಾಡಿಕೊಳ್ಳುವವಳ ಹಾಗೆ ಪ್ಯಾಂಟನ್ನು ನೀವಿಕೊಂಡು, ಎರಡೂ ಅಂಗೈಗಳನ್ನು ಪಾಚಿಯ ಮೇಲೆ ಊರಿದಳು.

ವೆಂಡೆಲ್ ಮತ್ತೆ ಟೋಪಿ ತೆಗೆದ. ಮೇಲಿನ ಆ ರೊಟ್ಟಿಯಗಲದ ಆಕಾಶದಲ್ಲಿ ಒಂದು ಮೋಡ ಬಂದು ಹೋಯಿತು. ಮೆಮೆ ಏನನ್ನೂ ನೋಡುತ್ತಿರಲಿಲ್ಲ. ನೋಡಲು ಅಲ್ಲಿ ಏನೂ ಇರಲಿಲ್ಲ. ಸುಮ್ಮನೆ ನಗುತ್ತಿದ್ದಳು.

ಹುಡುಗಿಯರು ಚೀಲ ಏರಿಸಿದರು. ವೆಂಡೆಲ್ ಇಳಿಯುವಾಗ ಜೊತೆಗಿರುತ್ತೇನೆ, ಇಳಿಜಾರಿನಲ್ಲಿ ಕೈ ಕೊಡುತ್ತೇನೆ ಎಂದ. ಬೆಳಕು ಇರುವಾಗಲೇ ಹೊಳೆ ದಾಟಬೇಕು. ಕೆಳಗೆ ಪೆಪೆ ಗಡಿಯಾರ ನೋಡುತ್ತಿರುತ್ತಾನೆ. ನಾನು ಕೈ ಚಾಚಿದೆ.

"ಏಳು ಮೆಮೆ. ಹೊತ್ತಾಯ್ತು."

"ನಲವತ್ತಾರು ವರ್ಷ ತಪ್ಪು ಜಾಗದಲ್ಲಿ ಕೂತಿದ್ದೆ ಕಣೇ" ಎಂದಳು ಅವಳು, ಕೈ ಹಿಡಿಯದೆ. "ಸರಿಯಾದ ಜಾಗದಲ್ಲಿ ಐದು ನಿಮಿಷ ಕೂರ್ತೀನಿ, ಸುಮ್ನಿರು."